ಕಟ್ಟಿನ ದುರುಗವ್ವನ ಒಡಕು ಗಡಿಗೆ

ಬಹಳ ಹಿಂದೆ, ಈಗಿನ ಅಜ್ಜಿಯರ ಅಜ್ಜಿಗೂ ಹಾಲುಹಲ್ಲು ಮೂಡದಿದ್ದ ಕಾಲದಲ್ಲಿ, ಹೊಳೆದಂಡೆಯ ಒಂದು ಊರಿನಲ್ಲಿ ದುರುಗವ್ವ ಎಂಬವಳಿದ್ದಳಂತೆ. ಎಲುಬು ಮುರಿದರೆ ಕೂಡಿಸಿ ಕಟ್ಟುವವಳು, ಅದಕ್ಕೇ ಕಟ್ಟಿನ ದುರುಗವ್ವ. ಅವಳ ಮನೆ ಊರೊಳಗೆ ಇರಲಿಲ್ಲ. ಊರು ಮುಗಿದು, ಹುಣಸೆಮರ ದಾಟಿ, ಹೆಣ ಹೂಳುವ ಜಾಗ ಶುರುವಾಗುವ ಮುಂಚೆ ಒಂದು ಗುಡಿಸಲು. ಅಲ್ಲೇ ಯಾಕೆ ಕಟ್ಟಿಕೊಂಡಳೆಂದು ಯಾರೂ ಕೇಳಲಿಲ್ಲ. ಕೇಳದೆಯೇ ಎಲ್ಲರೂ ಒಂದೊಂದು ಉತ್ತರ ಇಟ್ಟುಕೊಂಡಿದ್ದರು.

ಅವಳ ಕೈಯ ವಿಷಯ ಹೇಳುತ್ತಾರೆ. ತಿಳಿನೀರಿನ ತಳದಲ್ಲಿ ಕಲ್ಲು ಕಂಡಂತೆ, ಚರ್ಮದ ಕೆಳಗಿನ ಎಲುಬು ಅವಳ ಬೆರಳಿಗೆ ಕಾಣುತ್ತಿತ್ತಂತೆ. ಈಚಲ ಮರದಿಂದ ಬಿದ್ದವನ ತೊಡೆ ಕಟ್ಟಿದಳಂತೆ, ಅವನು ಮರುವರ್ಷ ಅದೇ ಮರ ಹತ್ತಿದನಂತೆ. ದಾರಿಯಲ್ಲಿ ಹೋಗುವ ಮುದುಕಿಯ ಹೆಜ್ಜೆ ಸಪ್ಪಳ ಕೇಳಿಯೇ, "ಈಕಿ ಮೊಣಕಾಲ ಸಂದಿನೊಳಗಿನ ಮೆತ್ತಿ ಸವದೈತಿ, ಎಲುಬಿಗೆ ಎಲುಬು ತಿಕ್ಕಾಕತ್ತೈತಿ" ಅಂದಳಂತೆ.

ಇಂಥವಳನ್ನು ಊರು ತಲೆಯ ಮೇಲೆ ಹೊತ್ತುಕೊಳ್ಳಬೇಕಿತ್ತು. ಊರು ಅಂಜುತ್ತಿತ್ತು. ಯಾಕೆಂದರೆ ದುರುಗವ್ವ ಗಡಿಗೆ ಒಡೆಯುತ್ತಿದ್ದಳು.

ಆ ಊರಲ್ಲಿ ಬೇಕೆಂದು ಗಡಿಗೆ ಒಡೆಯುವುದು ಒಂದೇ ಕಾರಣಕ್ಕೆ, ಸತ್ತವರನ್ನು ಕಳಿಸಿಕೊಡುವಾಗ. ಸಾವಿಲ್ಲದ ದಿನವೂ ಆ ಗುಡಿಸಲಿನಿಂದ ಠಪ್ಪೆಂದು ಸಪ್ಪಳ ಬರುತ್ತಿತ್ತು. ಸಪ್ಪಳ ಬಂದ ಮರುದಿನ ಒಬ್ಬನ ಕಾಲು ಮುರಿಯಿತಂತೆ. ಮತ್ತೊಮ್ಮೆ ಸಪ್ಪಳ ಬಂತು, ಒಬ್ಬಳ ಮುಂಗೈ ಮುರಿಯಿತಂತೆ. ಅಲ್ಲಿಗೆ ಊರಿಗೆ ತಿಳಿಯಿತು. ಇವಳು ಮೊದಲು ಗಡಿಗೆ ಒಡೆಯುತ್ತಾಳೆ, ಆ ಪೆಟ್ಟು ಯಾರದೋ ಎಲುಬಿಗೆ ಹೋಗಿ ಬೀಳುತ್ತದೆ, ಆಮೇಲೆ ಇವಳೇ ಕಟ್ಟಿ ಕಾಳುಕಡಿ ಇಸಿದುಕೊಳ್ಳುತ್ತಾಳೆ. ಕಟ್ಟಿಸಿಕೊಳ್ಳಲು ಹೋಗುವವರೂ ಹಿಂದೆ ತಿರುಗಿ ನೋಡದೆ ಬರುತ್ತಿದ್ದರು.

ಆ ಗಡಿಗೆಗಳನ್ನು ಕೊಡುತ್ತಿದ್ದವಳು ಕುಂಬಾರರ ನೀಲವ್ವ.

ಗಂಡ ಈರಣ್ಣ ತಿಗರಿ ತಿರುಗಿಸಿದರೆ, ನೀಲವ್ವ ಹಸಿ ಗಡಿಗೆಯನ್ನು ಹಲಗೆಯಿಂದ ತಟ್ಟಿ ಹೊಟ್ಟೆ ಬರಿಸುವಳು. ತಟ್ಟಿದ ಪ್ರತಿ ಗಡಿಗೆಯ ಕೊರಳಿಗೆ ಹೆಬ್ಬೆರಳಿನ ಉಗುರೊತ್ತಿ ಒಂದು ಗುರುತು ಬಿಡುವಳು. ಪ್ರತಿ ವಾರ ದುರುಗವ್ವ ಬಂದು ಆವಿಗೆಯಲ್ಲಿ ಸುಡುವಾಗ ಸೀಳಿದ ಗಡಿಗೆಗಳನ್ನು ಬುಟ್ಟಿ ತುಂಬ ಆರಿಸಿಕೊಂಡು ಹೋಗುವಳು. ನೀರು ನಿಲ್ಲದ ಗಡಿಗೆ ಇವಳಿಗೆ ಯಾಕೆ? ನೀಲವ್ವ ಕೇಳಲಿಲ್ಲ. ಕೊಡಲು ಭಯ, ಕೊಡದಿರಲು ಇನ್ನೂ ಭಯ. ಬುಟ್ಟಿ ಎತ್ತಿ ತಲೆಗಿಡುವಾಗ ಅವಳ ಬೆರಳು ತಾಗದಂತೆ ನೋಡಿಕೊಳ್ಳುತ್ತಿದ್ದಳು, ಅಷ್ಟೇ.

ಹೀಗಿರಲಾಗಿ ಒಂದು ದಿನ ನೀಲವ್ವನ ಮಗಳು ಹೊನ್ನಿ, ಇನ್ನೂ ಲಂಗದ ಹುಡುಗಿ, ಆವಿಗೆಯ ಗೋಡೆ ಮೇಲಿಂದ ಜಾರಿ ಕೈಯೂರಿ ಬಿದ್ದಳು. ಬಲಗೈ ಮೊಣಕೈ ಹತ್ತಿರ ಅಡ್ಡಾದಿಡ್ಡಿ. ಹಲಗೆ ಹಿಡಿಯಬೇಕಾದ ಕೈ. ಕುಂಬಾರರ ಮನೆಯ ಹೆಣ್ಣಿಗೆ ತಟ್ಟಲು ಬಾರದಿದ್ದರೆ ತಾಯಿಮನೆಯಲ್ಲೂ ಕೆಲಸವಿಲ್ಲ, ಅತ್ತೆಮನೆಯೂ ಸಿಗುವುದಿಲ್ಲ.

ಪಕ್ಕದ ಮನೆಯ ಸಂಗವ್ವ ಓಡಿ ಬಂದಳು. ಮಗುವಿನ ಕೈ ನೋಡುವ ಮೊದಲೇ ನೀಲವ್ವನ ಕಿವಿಗೆ ಬಾಯಿಟ್ಟಳು.

"ನಿನ್ನೆ ಸಂಜಿಮುಂದ ಸಪ್ಪಳ ಬಂತಲ್ಲ, ಕೇಳಿದ್ಯಾ? ಯಾರದೋ ಏನೋ ಅನಕೊಂಡಿದ್ದೆ. ನಿಂದ ಗಡಿಗಿ, ನಿನ್ನ ಮಗಳ ಕೈ."

ನೀಲವ್ವ ಮಗಳನ್ನು ಮಡಿಲಿಗೆ ಎಳೆದುಕೊಂಡಳು. ಅವಳೂ ಕೇಳಿದ್ದಳು. ಈರಣ್ಣ ದುರುಗವ್ವನನ್ನು ಕರೆತರುತ್ತೇನೆ ಅಂದರೆ ಅಡ್ಡ ನಿಂತಳು. ಮುರಿದವಳ ಕೈಗೇ ಮಗಳನ್ನು ಕೊಡುವುದೇ? ಅರಿಸಿನ ಹಚ್ಚಿ, ನೆಟ್ಟಗೆ ಎರಡು ಬಿದಿರ ದಬ್ಬೆ ಇಟ್ಟು ತಾನೇ ಕಟ್ಟಿದಳು. ಕೈ ಬಾತಿತು. ಮರುದಿನ ಇನ್ನೂ ಬಾತಿತು. ಆಮೇಲೆ ಬೆರಳುಗಳು ತಣ್ಣಗಾಗಿ ನೇರಳೆ ಬಣ್ಣಕ್ಕೆ ತಿರುಗತೊಡಗಿದವು. ಹುಡುಗಿ ಅಳುವುದನ್ನೂ ಬಿಟ್ಟಳು.

ಆಗ ನೀಲವ್ವ ನೆತ್ತಿಯ ಮೇಲೆ ಸೂರ್ಯ ಇರುವಾಗ ಒಬ್ಬಳೇ ಹುಣಸೆಮರ ದಾಟಿದಳು. ಕಾಲು ಹಿಡಿಯಲಲ್ಲ. ಗಡಿಗೆ ಒಡೆಯುವಾಗಲೇ ಹಿಡಿದು, ಹಾಕಿದ ಪೆಟ್ಟು ಹಿಂದಕ್ಕೆ ತೆಗೆಸಲು. ಗುಡಿಸಲಿನ ತಟ್ಟಿಯ ಸಂದಿಗೆ ಕಣ್ಣಿಟ್ಟಳು.

ಒಳಗೆ ದುರುಗವ್ವ ಒಂದು ಗಡಿಗೆಯನ್ನು ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಕಲ್ಲಿನಿಂದ ಕುಟ್ಟಿದಳು. ಠಪ್. ಆಮೇಲೆ ಚೀಲ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು. ಗೋಣಿಯ ಹೊರಗಿನಿಂದಲೇ ಬೆರಳಾಡಿಸುತ್ತ, ಚೂರಿಗೆ ಚೂರು ಹುಡುಕುತ್ತ, ಅಂಚಿಗೆ ಅಂಚು ತಂದು ಕೂಡಿಸುತ್ತ ಹೋದಳು. ಮಂತ್ರ ಇಲ್ಲ, ಕುಂಕುಮ ಇಲ್ಲ, ಯಾರ ಹೆಸರೂ ಇಲ್ಲ. ನೋಡುತ್ತ ನೋಡುತ್ತ ಚೀಲಕ್ಕೆ ಹೊಟ್ಟೆ ಬಂತು, ಹೊಟ್ಟೆಯ ಮೇಲೆ ಕೊರಳು ಬಂತು. ಗೋಣಿಯೊಳಗೆ ಗಡಿಗೆ ಗಡಿಗೆಯಾಗಿ ಕುಳಿತಿತು.

"ತಟ್ಟಿ ಸಂದಿ ಸಣ್ಣದೈತಿ ತಂಗಿ, ಬಾಗಲಾಗ ಬಂದು ನೋಡು" ಅಂದಳು ದುರುಗವ್ವ, ಕಣ್ಣು ತೆರೆಯದೆ.

ನೀಲವ್ವ ಬಾಗಿಲಲ್ಲೇ ನಿಂತು, ಇದ್ದದ್ದನ್ನೆಲ್ಲ ಅಂದುಬಿಟ್ಟಳಂತೆ. ದುರುಗವ್ವ ಕೇಳಿದಳು, ಕೇಳಿ ನಕ್ಕಳು.

"ವಾರಕ್ಕೊಂದು ಬುಟ್ಟಿ ಗಡಿಗಿ ಕೊಡಾಕಿ ನೀನ. ಬೆರಳಿಗೆ ರೂಢಿ ತಪ್ಪಬಾರದಂತ ದಿನಾ ಒಡಿತೀನಿ, ಗಾಳಿ ಇತ್ತಾಗ ಬೀಸಿದ ದಿನ ನಿಮಗ ಕೇಳಸತೈತಿ. ಗಡಿಗಿಗೊಂದು ಎಲುಬು ಅಂತ ಹಿಡದ್ರ, ನಿಮ್ಮೂರಾಗ ನೆಟ್ಟಗ ನಡಿಯಾವ್ರು ಒಬ್ಬರರೆ ಉಳೀತಿದ್ರೇನಬೇ?"

ನೀಲವ್ವನಿಗೆ ನಂಬಿಕೆ ಬರಲಿಲ್ಲ. ಆದರೆ ಮಗಳ ನೇರಳೆ ಬೆರಳು ಕಣ್ಣ ಮುಂದೆ ಬಂತು. ದುರುಗವ್ವನನ್ನು ಮನೆಗೆ ಕರೆದುಕೊಂಡು ಹೋದಳು.

ದುರುಗವ್ವ ಮೊದಲು ಆ ನೆಟ್ಟಗಿನ ಕಟ್ಟು ಬಿಚ್ಚಿದಳು. ಬೆರಳಿಂದ ನೋಡುತ್ತ, ಕುಂಬಾರರಿಗೆ ಕುಂಬಾರರ ಮಾತಲ್ಲೇ ಹೇಳಿದಳಂತೆ. ದೊಡ್ಡವರ ಎಲುಬು ಸುಟ್ಟ ಗಡಿಗೆ ಇದ್ದಂತೆ, ಹೊರಗೆ ಗಟ್ಟಿ. ಆದರೆ ಒಳಗೆ ಜೇನುಹುಟ್ಟಿನ ಹಾಗೆ ತೂತು ತೂತು, ಅದರಲ್ಲಿ ರಕ್ತ ಹರಿಯುತ್ತದೆ. ಅದಕ್ಕೇ ಒಡೆದ ಗಡಿಗೆ ಕೂಡುವುದಿಲ್ಲ, ಒಡೆದ ಎಲುಬು ಕೂಡುತ್ತದೆ. ಕೂಡಿಸುವವಳು ತಾನಲ್ಲ, ಎಲುಬೇ. ತಾನು ಮುಖಕ್ಕೆ ಮುಖ ತಂದಿಡುವವಳು ಮಾತ್ರ. ಇನ್ನು ಸಂದಿನ ತುದಿಗೆ ಎಳೆನೀರಿನ ಗಂಜಿಯಂಥ ನುಣುಪಾದ ಮೆತ್ತೆ ಇರುತ್ತದೆ, ತಿಕ್ಕದಂತೆ, ಜಾರುವಂತೆ. ಮೂಗಿನ ತುದಿ, ಕಿವಿ ಮುಟ್ಟಿ ನೋಡಿಕೋ, ಅದೇ ಜಾತಿ. ಮಕ್ಕಳ ಎಲುಬಿನ ತುದಿಯೆಲ್ಲ ಇನ್ನೂ ಹಾಗೇ ಮೆತ್ತಗಿರುತ್ತದೆ. ಅಲ್ಲಿಂದಲೇ ಎಲುಬು ಉದ್ದವಾಗುವುದು.

"ಆವಿಗ್ಯಾಗ ಇಡದ ಹಸಿ ಗಡಿಗಿ ಇದು. ಓರೆ ಮಾಡಿ ಒಣಗಿಸಿದ್ರ ಓರೇನ ಸುಡತೈತಿ. ನಿನಗ ಹೇಳಿಕೊಡಬೇಕಾ?"

ಕೈ ಎಳೆದಳು, ಒತ್ತಿದಳು, ಮಡಚಿದಳು. ಹೊನ್ನಿ ಒಮ್ಮೆ ಕಿರುಚಿದಳು. ಬೆರಳಿಗೆ ಕೆಂಪು ಬಂತು. ದುರುಗವ್ವ ಹತ್ತಿ ಸುತ್ತಿದ ಏನನ್ನೋ ಮೊಣಕೈ ಹಿಂದೆ ಇಟ್ಟು, ತತ್ತಿಯ ಲೋಳೆ, ಉದ್ದಿನ ಹಿಟ್ಟು ಬಳಿದ ಬಟ್ಟೆ ಸುತ್ತಿ, ಕೈ ಮಡಚಿಯೇ ಕಟ್ಟಿದಳು. ಬೆರಳು ತಣ್ಣಗಾದರೆ ಓಡಿ ಬಾ, ಇಲ್ಲವಾದರೆ ನಾನು ಬರುವವರೆಗೆ ಗಂಟು ಮುಟ್ಟಬೇಡ ಅಂದಳು.

ಬೆರಳು ಬೆಚ್ಚಗೇ ಇತ್ತು. ಹುಡುಗಿ ಉಂಡಳು, ಮಲಗಿದಳು. ಆದರೆ ಸಂಗವ್ವನಿಗೆ ನಿದ್ದೆ ಇಲ್ಲ.

"ನೆಟ್ಟಗಿರೋ ಕೈನ ಮಡಚಿ ಯಾಕ ಕಟ್ಟಿದ್ಳು? ಒಳಗೇನಿಟ್ಟಾಳ? ನೀ ಕೇಳಿಲ್ಲೇನ?"

ನೀಲವ್ವ ಕೇಳಿರಲಿಲ್ಲ. ಕಟ್ಟನ್ನು ಮೂಸಿ ನೋಡಿದಳು. ಕಿವಿಗೊಟ್ಟಳು. ಗಡಿಗೆ ತಟ್ಟುವಾಗಲೂ ಅದೇ ಯೋಚನೆ, ಹಿಟ್ಟು ನಾದುವಾಗಲೂ ಅದೇ. ಕಡೆಗೊಂದು ಮಧ್ಯಾಹ್ನ, ಈರಣ್ಣ ಮಣ್ಣು ತರಲು ಹೋದಾಗ, ಕಟ್ಟು ಬಿಚ್ಚಿದಳು. ಒಣಗಿದ ಬಟ್ಟೆಯ ಸುತ್ತಿನೊಳಗೆ, ಹತ್ತಿಯೊಳಗೆ, ಒಂದು ಗಡಿಗೆ ಚೂರು. ಕೊರಳಿನ ಚೂರು. ಅದರ ಮೇಲೆ ಅವಳದೇ ಉಗುರಿನ ಗುರುತು.

ಮೊಣಕೈಯ ಡೊಂಕಿಗೆ ಸರಿಹೊಂದುವ ಡೊಂಕು ಅದೊಂದಕ್ಕೇ ಇತ್ತು ಎಂಬುದು ಅವಳಿಗೆ ಆಗ ಹೊಳೆಯಲಿಲ್ಲ. ಮಾಟವೇ ಎಂದುಕೊಂಡಳು. ಓಡಿಹೋಗಿ ಹೊಳೆಗೆ ಎಸೆದು ಬಂದಳು. ಬರುವಷ್ಟರಲ್ಲಿ ಹೊನ್ನಿ ಕೈ ಸಡಿಲ ಬಿಟ್ಟುಕೊಂಡು ನೋವಿಗೆ ಬಾಗಿ ಕುಳಿತಿದ್ದಳು. ನೀಲವ್ವ ಮೊದಲಿದ್ದ ಹಾಗೆಯೇ ಕಟ್ಟಿದಳು. ಗಂಟನ್ನೂ ಹಾಗೆಯೇ ಹಾಕಿದಳು.

ಹೇಳಿದ್ದಂತೆ ದುರುಗವ್ವ ತಾನೇ ಕಟ್ಟು ನೋಡಲು ಬಂದಳು. ಗಂಟು ನೋಡಲಿಲ್ಲ. ಕಟ್ಟಿನ ಮೇಲಿಂದಲೇ ಬೆರಳಾಡಿಸಿದಳು, ಗೋಣಿಚೀಲದ ಮೇಲೆ ಆಡಿಸುವಂತೆ. ಮೊಣಕೈ ಹಿಂದೆ, ಚೂರು ಇರಬೇಕಾದಲ್ಲಿ, ಬೆರಳು ನಿಂತಿತು.

"ಎಲುಬು ಓರೆ ಸರದೈತಿ, ಈಗ ಎಳದ್ರ ಹುಡುಗಿ ತಾಳೂದಿಲ್ಲ. ಎಲುಬು ಕೂಡತೈತಿ, ಕೈಯೂ ಆಡತೈತಿ. ಆದ್ರ ಮೆತ್ತನ ತುದಿ ನೋಡವ್ವ, ನಿನ್ನ ಸಂಶಯಾನೂ ಒಳಗಿಟಗೊಂಡ ಬೆಳೀತೈತಿ."

ಬೈಯಲಿಲ್ಲವಂತೆ. ಬೈದಿದ್ದರೆ ಚೆನ್ನಾಗಿತ್ತು ಎಂದು ನೀಲವ್ವ ಸಾಯುವವರೆಗೂ ಅನ್ನುತ್ತಿದ್ದಳಂತೆ.

ಹೊನ್ನಿ ಬೆಳೆದಳು. ಹಲಗೆ ಹಿಡಿದಳು, ತಟ್ಟಿದಳು, ಮದುವೆಯೂ ಆಯಿತು. ಆದರೆ ಬಲಗೈ ಮೊಣಕೈಯಿಂದ ಕೆಳಗೆ ತುಸು ಹೊರಗೆ ವಾಲಿಯೇ ಬೆಳೆಯಿತು. ಅವಳು ತಟ್ಟಿದ ಗಡಿಗೆಯ ಹೊಟ್ಟೆಯೂ ಒಂದು ಬದಿಗೆ ತುಸು ಹೆಚ್ಚು. ಪ್ರತಿ ಗಡಿಗೆ ಕೈಗೆ ಬಂದಾಗಲೂ ನೀಲವ್ವ ಆ ಬದಿಯನ್ನು ಸವರುತ್ತಿದ್ದಳಂತೆ.

ದುರುಗವ್ವ ಕಡೆಗೆ ಏನಾದಳೋ. ಹೊಳೆ ದಾಟಿ ಹೋದಳು ಅನ್ನುವವರಿದ್ದಾರೆ, ಅಲ್ಲೇ ಗುಡಿಸಲ ಪಕ್ಕ ಮಣ್ಣಾದಳು ಅನ್ನುವವರಿದ್ದಾರೆ. ಅವಳನ್ನು ಕಳಿಸುವಾಗ ಒಡೆಯಲು ಇಡೀ ಗಡಿಗೆ ಸಿಗಲಿಲ್ಲ, ಮನೆ ತುಂಬ ಬರೀ ಚೂರೇ ಇದ್ದವಂತೆ.

ಆ ಊರಿನ ಕುಂಬಾರರು ಇಂದಿಗೂ ಆವಿಗೆ ತೆಗೆದಾಗ ಸೀಳಿದ ಮೊದಲ ಗಡಿಗೆಯನ್ನು ತಿಪ್ಪೆಗೆ ಹಾಕುವುದಿಲ್ಲ, ಹುಣಸೆಮರದ ಆಚೆ ಇಟ್ಟು ಬರುತ್ತಾರೆ. ಯಾರಿಗಾದರೂ ಎಲುಬು ಮುರಿದರೆ, ಕಟ್ಟುವವರು ಮುರಿದ ಕೈಗೋ ಕಾಲಿಗೋ ಕಟ್ಟು ಕಟ್ಟಿ, ಮನೆಯ ತಾಯಿಯನ್ನು ಕರೆದು ಅವಳ ಬಲ ಮಣಿಕಟ್ಟಿಗೂ ಒಂದು ದಾರ ಕಟ್ಟುತ್ತಾರೆ. ಎರಡನ್ನೂ ಒಂದೇ ದಿನ ಬಿಚ್ಚಬೇಕು. ಅಲ್ಲಿಯವರೆಗೆ ತಾಯಂದಿರು ಕಟ್ಟನ್ನು ಮೂಸುತ್ತಾರೆ, ಕಿವಿಗೊಡುತ್ತಾರೆ, ಗಂಟಿನವರೆಗೂ ಕೈ ತರುತ್ತಾರೆ. ದಾರ ಕಣ್ಣಿಗೆ ಬೀಳುತ್ತದೆ. ಕೈ ಹಿಂದಕ್ಕೆ ಹೋಗುತ್ತದೆ.