ಮೂರನೇ ಲೈನಿನ ವೋಲ್ಟೇಜ್

ಇದು ನಡೆದದ್ದು ಹೋದ ವರ್ಷ ಮಾರ್ಚ್ ತಿಂಗಳಿನ ಒಂದು ಗುರುವಾರ.

ತುಂಗಭದ್ರೆಯ ದಂಡೆಯಲ್ಲಿ ರುದ್ರಪ್ಪ ಮೇಷ್ಟ್ರ ಕಾರ್ಯಾಗಾರ. ಶಿಷ್ಯರು ಇಬ್ಬರು. ಬಸವಂತ ಬಂದು ಆರು ವರ್ಷ. ಕುಸುಮಾ ಬಂದು ಒಂದು.

ಕಾರಿನ ಭಾಗಗಳಿಗೆಲ್ಲ ವಿದ್ಯುತ್ ಹಂಚುವ ಹೊಸ ಚಿಪ್ ಒಂದು ಬಂದಿತ್ತು. ಅದರ ಯಾವ ಲೈನು ಯಾವ ಭಾಗಕ್ಕೆ ಎಷ್ಟು ವೋಲ್ಟ್ ಕೊಡಬೇಕು ಎಂಬ ವಿವರಣೆ ಬರೆದು, ಕಾರಿನ ಕಂಪ್ಯೂಟರನ್ನು ನಡೆಸುವ ಕರ್ನಲ್‌ಗೆ ಸೇರಿಸಬೇಕು. ಬರೆದದ್ದನ್ನು ಕರ್ನಲ್ ನಂಬುತ್ತದೆ. ಸರಿಯೇ ತಪ್ಪೇ ಎಂದು ಕೇಳುವುದಿಲ್ಲ.

ಮೇಷ್ಟ್ರು ಬರೆಯುವ ಕೆಲಸವನ್ನು ಕುಸುಮಾಗೆ ಕೊಟ್ಟರು. ಓದಿ ತಪ್ಪು ಹಿಡಿಯುವುದನ್ನು ಬಸವಂತನಿಗೆ.

“ಮೇಷ್ಟ್ರ ಮುದ್ದಿನ ಶಿಷ್ಯೆ ಬರೀಲಿ,” ಎಂದ ಬಸವಂತ. “ನಾನು ಕಾಪಿ ತಿದ್ದೋನು.”

ಕುಸುಮಾ ಅದನ್ನು ತಮಾಷೆ ಎಂದುಕೊಂಡಳು.

ಅವಳು ಬರೆದು ಕೊಟ್ಟದ್ದನ್ನು ಬಸವಂತ ಓದಿದ. ಕಣ್ಣು ಮತ್ತೆ ಮತ್ತೆ ಮೊದಲ ಸಾಲಿಗೇ ಹೋಗುತ್ತಿತ್ತು. ಅಲ್ಲಿ ಅವಳ ಹೆಸರಿತ್ತು.

ಮೂರನೇ ಲೈನಿನಲ್ಲಿ ತಪ್ಪು ಸಿಕ್ಕಿತು. ಅದು ಬ್ರೇಕ್ ನೋಡಿಕೊಳ್ಳುವ ಪ್ರೊಸೆಸರಿನ ಲೈನು. 0.8 ವೋಲ್ಟ್ ಬೇಕು. ಕುಸುಮಾ ಎರಡನೇ ಲೈನಿನ ವಿವರವನ್ನು ನಕಲು ಮಾಡಿ ಅಂಟಿಸಿದ್ದಳು. ಅದರ 1.8 ಹಾಗೆಯೇ ಉಳಿದಿತ್ತು. ಅಷ್ಟು ಹರಿದರೆ ಪ್ರೊಸೆಸರು ಸುಡುತ್ತದೆ.

ಅವನು ಯಾರಿಗೂ ಹೇಳಲಿಲ್ಲ.

ಬರೆದವರೇ ಮೊದಲ ಸಲ ಸ್ವಿಚ್ ಒತ್ತುವುದು ಅಲ್ಲಿಯ ಪದ್ಧತಿ. ಆ ಚಿಪ್ ಕೂರಿಸಿದ ಬೋರ್ಡು ಇದ್ದದ್ದು ಒಂದೇ. ಸುಟ್ಟರೆ ಅವಳ ಕೈಯಲ್ಲೇ ಸುಡಲಿ ಎಂದುಕೊಂಡ.

ಗುರುವಾರ ಮೂವರೂ ಬೋರ್ಡಿನ ಮುಂದೆ ನಿಂತರು.

“ಓದಿದೆಯಾ?” ಮೇಷ್ಟ್ರು ಬಸವಂತನನ್ನು ಕೇಳಿದರು.

“ಓದಿದೆ ಮೇಷ್ಟ್ರೇ.”

“ತಪ್ಪು?”

“ಏನೂ ಇಲ್ಲ,” ಎಂದ, ಕಿಟಕಿಯತ್ತ ನೋಡುತ್ತ.

ಕುಸುಮಾ ನಕ್ಕಳು. “ಬಸವಂತಣ್ಣ, ನೀವು ಇಲ್ಲ ಅಂದ್ರೆ ಮುಗೀತು.”

ಅವಳು ಸ್ವಿಚ್ಚಿಗೆ ಕೈ ಚಾಚಿದಳು. ಮೇಷ್ಟ್ರು ತಡೆದರು.

“ಇವತ್ತು ಓದಿದವನು ಒತ್ತಲಿ.”

“ಅವಳ ಕೆಲಸ ಮೇಷ್ಟ್ರೇ. ಅವಳೇ ಒತ್ತಲಿ.”

“ತಪ್ಪಿಲ್ಲ ಅಂದೆಯಲ್ಲ. ಒತ್ತು.”

ಬಸವಂತ ಸ್ವಿಚ್ಚಿನ ಮೇಲೆ ಬೆರಳಿಟ್ಟ. ಒತ್ತಲಿಲ್ಲ. ಕೈ ತೆಗೆದ.

“ಮೂರನೇ ಲೈನು,” ಎಂದ. “0.8 ಆಗಬೇಕು.”

ಕುಸುಮಾ ಪರದೆ ನೋಡಿದಳು. “ಅಯ್ಯೋ! ನಕಲು ಮಾಡಿ ಬದಲಿಸೋದೇ ಮರೆತೆ.” ಕುರ್ಚಿ ಎಳೆದುಕೊಂಡು ತಿದ್ದಲು ಕೂತಳು.

“ಯಾವಾಗ ಕಂಡಿತು?” ಎಂದರು ಮೇಷ್ಟ್ರು.

“ಸೋಮವಾರ.”

ಮೇಷ್ಟ್ರು ಹೋಗಿ ಕುಸುಮಾಳ ಕುರ್ಚಿಯ ಹಿಂದೆ ನಿಂತರು. ಬೈದಿದ್ದರೆ ಬಸವಂತ ತಡೆದುಕೊಳ್ಳುತ್ತಿದ್ದ.

“ಇಂಥ ತಪ್ಪು ಮಾಡೋರಿಗೆ ಕೆಲಸ ಕೊಟ್ಟಿರಿ,” ಎಂದ. “ಆರು ವರ್ಷದಿಂದ ಇದ್ದೀನಿ ಮೇಷ್ಟ್ರೇ. ನನಗ್ಯಾಕೆ ಕೊಡಲಿಲ್ಲ?”

“ಅವಳದರಲ್ಲಿ ಎಷ್ಟು ತಪ್ಪು ಸಿಕ್ಕಿತು?”

“ಒಂದು.”

“ನೀನು ಮೊದಲ ಸಲ ಬರೆದದ್ದನ್ನ ಓದಿದ್ದು ಯಾರು?”

“ನೀವು.”

“ಅದರಲ್ಲಿ ಎಷ್ಟಿತ್ತು?”

“ನೆನಪಿಲ್ಲ.” ಬಸವಂತನ ದನಿ ಇಳಿದಿತ್ತು. “ನೀವು ಹೇಳಿದ ಹಾಗೆಲ್ಲ ತಿದ್ದಿದೆ. ಬೋರ್ಡು ಸುಡಲಿಲ್ಲ. ಅಷ್ಟೇ ನೆನಪು.”

ಮೇಷ್ಟ್ರು ಕುಸುಮಾ ತಿದ್ದುತ್ತಿದ್ದ ಸಾಲನ್ನೇ ನೋಡುತ್ತ ಹೇಳಿದರು:

“ಹತ್ತೊಂಬತ್ತು.”