ಹೇಳಿ ಮಾಡಿಸಿದ ಜೋಡಿ

ಬಸಲಿಂಗಮ್ಮನ ಕೈ ನಡುಗುವುದಕ್ಕೆ ಕಾರಣ ಅವಳ ನರದೊಳಗೆ ಓಡಾಡುವ ಒಂದು ಚೀಟಿ. ಪಾಪ, ಅದು ಆ ಚೀಟಿಗೇ ಗೊತ್ತಿರಲಿಲ್ಲ. ಜೀವಕೋಶದೊಳಗಿನ ವಂಶವಾಹಿಯೆಂಬ ದೊಡ್ಡ ಗ್ರಂಥದಿಂದ ಅಡುಗೆಯ ವಿಧಾನ ನಕಲು ಮಾಡಿಕೊಂಡು ಅಡುಗೆಮನೆಗೆ ಒಯ್ಯುವುದಷ್ಟೇ ಅದರ ಕೆಲಸ. ಗ್ರಂಥದಲ್ಲೇ ಒಂದು ತಪ್ಪಿತ್ತು. ಬಾಣಸಿಗನೋ, ಬರೆದದ್ದನ್ನು ಬರೆದ ಹಾಗೆ ಬೇಯಿಸುವವನು. ಹಾಗಾಗಿ ಅಲ್ಲಿ ದಿನವೂ ವಿಷವೇ ಬೇಯುತ್ತಿತ್ತು.

ಅಂದು ಚೀಟಿ ಹೊರಟಾಗ, ದಾರಿಯಲ್ಲಿ ಯಾರೋ ತನ್ನನ್ನೇ ಹಿಂದುಮುಂದಾಗಿ ಓದುತ್ತಿರುವುದು ಕೇಳಿಸಿತು. ಗೇಣುದ್ದದ ಅಪರಿಚಿತನೊಬ್ಬ ನಿಂತಿದ್ದ.

"ನನ್ನೊಳಗಿನ ಮಾತು ನಿನಗೆ ಹೇಗೆ ಗೊತ್ತು?"

"ಅದು ಬಿಟ್ಟರೆ ನನಗೆ ಬೇರೇನೂ ಗೊತ್ತಿಲ್ಲ."

ಹುಟ್ಟಿದಾಗಿನಿಂದ ಒಂಟಿಯಾಗಿದ್ದ ಚೀಟಿಯ ಜೀವ ಕರಗಿತು. ಓಡಿಹೋಗಿ ಅಪ್ಪಿಕೊಂಡಿತು. ಅಕ್ಷರಕ್ಕೆ ಅಕ್ಷರ ಕೂತಿತು, ಕೂದಲೆಳೆಯಷ್ಟೂ ಸಂದಿಲ್ಲ.

"ನಮ್ಮದು ಹೇಳಿ ಮಾಡಿಸಿದ ಜೋಡಿ ಕಣೋ!"

"ಹೌದು. ನನ್ನನ್ನು ಹೇಳಿಯೇ ಮಾಡಿಸಿದ್ದು."

"ಹೇಳಿದವರು ಯಾರು?"

"ಬಸಲಿಂಗಮ್ಮನ ಡಾಕ್ಟರು. ನಾನು ಅವಳ ಔಷಧಿ."

ಚೀಟಿ ಬಿಡಿಸಿಕೊಳ್ಳಲು ನೋಡಿತು, ಆಗಲಿಲ್ಲ. ಬೆನ್ನ ಹಿಂದೆ, ಕೋಶದೊಳಗೆ ಸದಾ ಗಸ್ತು ತಿರುಗುವ ಕತ್ತರಿಯ ಸದ್ದು ಹತ್ತಿರವಾಯಿತು. ಆ ಕತ್ತರಿ ಒಂಟಿ ಚೀಟಿಯನ್ನು ಮುಟ್ಟದು, ಇಂಥ ಜೋಡಿ ಕಂಡರೆ ಬಿಡದು.

"ಅಯ್ಯೋ, ನಿನ್ನನ್ನೂ ಕತ್ತರಿಸುತ್ತದೆ!"

"ಇಲ್ಲ. ಅದು ಚೀಟಿಯನ್ನಷ್ಟೇ ಕತ್ತರಿಸುವುದು."

ಚೂರುಗಳು ಉದುರಿದವು. ಅಡುಗೆಮನೆಯಲ್ಲಿ ವಿಷದ ಒಲೆ ತಣ್ಣಗಾಯಿತು. ಅಪರಿಚಿತ ಮೈ ಕೊಡವಿಕೊಂಡು ಗ್ರಂಥದ ಬಾಗಿಲಿಗೆ ಮುಖಮಾಡಿ ನಿಂತ.

ಹೊಸ ಚೀಟಿಯೊಂದು ಹೊರಬಂತು. ದಾರಿಯಲ್ಲಿ ಯಾರೋ ತನ್ನನ್ನೇ ಓದುತ್ತಿರುವುದು ಕೇಳಿಸಿ, ಅದರ ಜೀವವೂ ಕರಗಿತು.