ಸಣ್ಣೋಬಯ್ಯ ಕಲಿತ ಡ್ಯೂ

ಚಳ್ಳಕೆರೆ ಕಡೆ ಒಂದು ಸಣ್ಣ ಊರು. ಅಲ್ಲಿ ಮಾರಕ್ಕ ಅಂತ ಒಬ್ಬಳು, ಅವಳಿಗೆ ಸಣ್ಣೋಬಯ್ಯ ಅಂತ ಒಬ್ಬ ಮಗ. ವಯಸ್ಸು ಮೂವತ್ತು, ಬಾಗಿಲಿಗೆ ತಲೆ ತಾಗೋ ಎತ್ತರ, ಯಾರಿಗೂ ಕೆಟ್ಟದ್ದು ಬಯಸಿದೋನಲ್ಲ. ಆದರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಅನ್ನ ನೋಡ್ಕೊಳೋ ಅಂದರೆ ಸೀದು ಕರಕಲಾಗೋ ತನಕ ನೋಡ್ತಾ ಕೂರೋನು. ಮಾರಕ್ಕ ಅತ್ತು ಕರೆದು, ಅವರಿವರ ಕಾಲು ಹಿಡಿದು, ಊರ ಲೈಬ್ರರಿಯಲ್ಲಿ ಅವನಿಗೆ ಜವಾನನ ಕೆಲಸ ಕೊಡಿಸಿದಳು.

ಲೈಬ್ರರಿ ನೋಡ್ಕೊಳೋರು ಜಯಶೀಲಾ ಮೇಡಂ. ಮೊದಲ ದಿನವೇ ರಿಜಿಸ್ಟರ್ ತೋರಿಸಿ, ಡ್ಯೂ ಅಂದರೆ ಬಾಕಿ ಕಣಪ್ಪ, ರುದ್ರಮುನಿ ಮೇಷ್ಟ್ರ ಮನೇಲಿ ಒಂದು ಪುಸ್ತಕ ಡ್ಯೂ ಇದೆ, ಬಾಕಿ ಇರೋದನ್ನ ತಗೊಂಡು ಬಾ ಅಂದರು. ಹೋದ. ಮೇಷ್ಟ್ರು ಜಗಲಿ ಮೇಲೆ ಅದೇ ಪುಸ್ತಕ ಓದ್ತಾ ಕೂತಿದ್ರು. ಇನ್ನು ಇಪ್ಪತ್ತೇ ಪುಟ ಬಾಕಿ, ಕೂತ್ಕೋ, ನೀರು ತರ್ತೀನಿ ಅಂತ ಒಳಗೆ ಹೋದರು. ನೀರು ತರೋದರೊಳಗೆ ಇವನು ಆ ಇಪ್ಪತ್ತು ಪುಟ ಜೋಪಾನವಾಗಿ ಕಿತ್ಕೊಂಡು ಲೈಬ್ರರಿ ಸೇರಿದ್ದ.

ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು. ಆಮೇಲೆ ಬುದ್ಧಿ ಹೇಳಿದರು. ಡ್ಯೂ ಅಂದರೆ ಬರಬೇಕಾದ ತಾರೀಖು. ತಾರೀಖಿಗೆ ಮುಂಚೆ ಯಾವುದಕ್ಕೂ ಕೈ ಹಾಕಬೇಡ, ಯಾರನ್ನೂ ಅವಸರ ಮಾಡಬೇಡ. ಆಗಲಿ ಅಂದ.

ಮನೇಲಿ ಅವನ ಅಕ್ಕ ಗಂಗಮ್ಮ ಬಾಣಂತನಕ್ಕೆ ಬಂದಿದ್ದಳು. ಗುರುವಾರ ಡ್ಯೂ ಅಂತ ಡಾಕ್ಟರಮ್ಮ ಹೇಳಿದ್ದರು. ಮಂಗಳವಾರವೇ ನೋವು ಶುರುವಾಯ್ತು. ಮಾರಕ್ಕ ತಾನೇ ಓಡಿಹೋಗಿ ಹಾಲೇಶಪ್ಪನ ಆಟೋ ಕರೆತಂದರೆ, ಸಣ್ಣೋಬಯ್ಯ ಬಾಗಿಲಿಗೆ ಅಡ್ಡ ನಿಂತಿದ್ದ.

"ಹಾಲೇಶಪ್ಪಣ್ಣ, ಡ್ಯೂ ಗುರುವಾರ. ಆವತ್ತೇ ಬಾ. ಈಗಲೇ ಅವಸರ ಮಾಡಬಾರದು" ಅಂದ.

ಒಳಗೆ ಗಂಗಮ್ಮ ಚೀರಿದಳು. ಹಾಲೇಶಪ್ಪ ಇವನನ್ನ ಪಕ್ಕಕ್ಕೆ ತಳ್ಳಿ, ಅವಳನ್ನ ಆಟೋ ಹತ್ತಿಸಿ, ಒಂದೇ ಉಸಿರಿಗೆ ಆಸ್ಪತ್ರೆ ಮುಟ್ಟಿಸಿದ. ಗೇಟು ದಾಟಿ ಹತ್ತು ನಿಮಿಷಕ್ಕೆ ಹೆಣ್ಣು ಮಗು. ತಾಯಿ ಮಗು ಕ್ಷೇಮ. ಮಾರಕ್ಕ ಮಗನಿಗೆ ಚೆನ್ನಾಗಿ ಬೈದಳು, ಸಿಕ್ಕಿದವರಿಗೆಲ್ಲ ಹಾಲೇಶಪ್ಪನಿಂದ ಮಗು ಬಂತು ಅಂತ ಹೇಳ್ಕೊಂಡು ಕಣ್ಣೊರೆಸಿಕೊಂಡಳು. ಸಣ್ಣೋಬಯ್ಯ ಮಗುವಿನ ಕಾಲು ಮುಟ್ಟಿ, ನನ್ನಿಂದ ತಪ್ಪಾಯ್ತು ಕಣವ್ವ ಅಂದ.

ಸಂಗತಿ ಕೇಳಿ ಮೇಡಂ ಮತ್ತೆ ಬುದ್ಧಿ ಹೇಳಿದರು. ತಾರೀಖು ಬಿಡು. ಡ್ಯೂ ಟು ಅಂತ ಇನ್ನೊಂದಿದೆ, ಅಂದರೆ 'ಇಂದಾಗಿ'. ಯಾವುದರಿಂದ ಏನಾಯ್ತು ಅನ್ನೋ ಕಾರಣ. ಗುರುವಾರ ನಾನು ಮೀಟಿಂಗಿಗೆ ಹೋಗ್ತೀನಿ, ನೀನು ಮಗು ನೋಡೋಕೆ ಹೋಗು. ಬೀಗ ಹಾಕಿ ಬೋರ್ಡ್ ಮೇಲೆ ಕಾರಣ ಬರಿ. ಓದಿದವರಿಗೆ ಪೂರ್ತಿ ತಿಳೀಬೇಕು.

ಪೂರ್ತಿ ತಿಳಿಯೋ ಹಾಗೇ ಬರೆದ. ಗುರುವಾರ ಗಂಗಮ್ಮನ ಗಂಡ ಪಾಲಯ್ಯ ಹಿರಿಯೂರು ಬಸ್ಸಿಂದ ಇಳಿದರೆ ಲೈಬ್ರರಿ ಮುಂದೆ ಜನವೋ ಜನ. ಬೋರ್ಡ್ ಮೇಲೆ ಗುಂಡಗಿನ ಅಕ್ಷರ:

"ಲೈಬ್ರರಿ ರಜ. ಡ್ಯೂ ಟು ಗಂಗಕ್ಕನ ಮಗು. ಮಗು ಡ್ಯೂ ಟು ಹಾಲೇಶಪ್ಪ."

ಪಾಲಯ್ಯ ಕೆಂಡವಾಗಿ ಆಸ್ಪತ್ರೆಗೆ ನುಗ್ಗಿದ. ಮಾರಕ್ಕ ಬೆವರು ಒರೆಸಿಕೊಳ್ತಾ ಎಲ್ಲ ಬಿಡಿಸಿ ಹೇಳಿದಳು. ಕೇಳ್ತಾ ಕೇಳ್ತಾ ಪಾಲಯ್ಯನ ಮೀಸೆ ಅದುರಿತು, ಆಮೇಲೆ ಹೊಟ್ಟೆ ಹಿಡ್ಕೊಂಡು ನಕ್ಕ. ಮಗುವನ್ನ ಎತ್ತಿ ಸೋದರಮಾವನ ಕೈಗೇ ಕೊಟ್ಟು, "ಆಗಲಿ ಕಣೋ ಭಾಮೈದ, ಆ ಬೋರ್ಡಲ್ಲಿ ನನ್ನ ಹೆಸರೇ ಇಲ್ಲವಲ್ಲೋ" ಅಂದ.

ಸಣ್ಣೋಬಯ್ಯನಿಗೆ ಬೇಜಾರಾಯ್ತು. ಭಾವ ಹೇಳೋದು ನ್ಯಾಯ. ಮಗುವನ್ನ ಅವ್ವನ ಕೈಗೆ ಕೊಟ್ಟು, ಬಿಸಿಲಲ್ಲಿ ಓಡಿಹೋಗಿ, ಕಡೇ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿ ಬಂದ:

"ಭಾವ ಪಾಲಯ್ಯನವರದು ಇನ್ನೂ ಬಾಕಿ."